ಪೆಟ್ರಾ ಮತ್ತು ವಾದಿ ರಮ್: ಒಂದು ದಿನದ ಯಾತ್ರೆಯಲ್ಲಿ ಕಾಣಬೇಕಾದುದು

‘ಮರು’ ಎಂಬ ಶಬ್ದಕ್ಕೆ ನಮ್ಮ ನಿಘಂಟುಕಾರರು ನೀರಿಲ್ಲದ ನೆಲವೆಂದು ಅರ್ಥ ಹೇಳುತ್ತಾರೆ. ಸಾಯುವುದೆಂಬ ಅರ್ಥದ ‘ಮೃ’ ಧಾತುವಿನಿಂದ ಈ ಪದ ನಿಷ್ಪನ್ನವಾಯಿತೆಂದೂ ಬಾಯಾರಿದ ಪ್ರಾಣಿಗಳು ಎಲ್ಲಿ ಅಸುನೀಗುವುವೋ ಅದೇ ಮರುಭೂಮಿಯೆಂದೂ ವೈಯಾಕರಣರ ವಿವರಣೆ. ಹೀಗೆ ಸಾವಿನ ಹೆಸರನ್ನೇ ಹೊತ್ತ ನೆಲದಲ್ಲಿ ಒಂದು ಜನಾಂಗ ಬಂಡೆಯನ್ನು ಕಡೆದು ನಗರವನ್ನು ನಿರ್ಮಿಸಿ, ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ನೀರೊದಗಿಸಿ, ಶತಮಾನಗಳ ಕಾಲ ಸಂಪದ್ಭರಿತವಾಗಿ ಬಾಳಿತೆಂಬುದು ಮಾನವೇತಿಹಾಸದ ಅಚ್ಚರಿಗಳಲ್ಲೊಂದು. ಆ ಜನಾಂಗ ನಬಾತೀಯರದು. ಆ ನಗರ ಇಂದಿನ ಜೋರ್ಡಾನ್ ದೇಶದ ದಕ್ಷಿಣ ಭಾಗದಲ್ಲಿರುವ ಪೆಟ್ರಾ.

ಗಲ್ಫ್ ದೇಶಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ರಜೆಯ ದಿನಗಳಲ್ಲಿ ಮಕ್ಕಳೊಡನೆ ಆ ಕಡೆಗೆ ಯಾತ್ರೆ ಹೋಗುವುದುಂಟು. ಅಂಥವರ ಒಂದು ತಂಡದ ಆದರದಿಂದ ನನಗೂ ಆ ಸ್ಥಳಗಳ ದರ್ಶನ ಲಭಿಸಿತು. ಹೋಗಿಬಂದವರು ಚಿತ್ರಗಳನ್ನು ತೋರಿಸುತ್ತಾರೆ. ಕಂಡದ್ದೇನೆಂದು ಕೇಳಿದರೆ ‘ಬಹಳ ಚೆನ್ನಾಗಿದೆ’ ಎನ್ನುವುದಕ್ಕಿಂತ ಹೆಚ್ಚಿಗೆ ಹೇಳಲಾರರು. ಅದು ಅವರ ದೋಷವಲ್ಲ. ಒಂದು ದಿನ ಅತ್ಯಲ್ಪ ಕಾಲ. ಆ ಅಲ್ಪ ಕಾಲದಲ್ಲಿ ಏನನ್ನು ನೋಡಬೇಕು, ನೋಡಿದ್ದರ ಅರ್ಥವೇನು, ಅದರಿಂದ ಗ್ರಹಿಸಬೇಕಾದ ಪಾಠವಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮಾರ್ಗ ಮತ್ತು ಕಾಲ

ಕೆಂಪು ಸಮುದ್ರದ ದಡದಲ್ಲಿರುವ ಅಕಾಬಾ ಪಟ್ಟಣದಿಂದ ಪೆಟ್ರಾಕ್ಕೆ ಸುಮಾರು ೧೨೫ ಕಿಲೋಮೀಟರ್, ಎರಡು ಗಂಟೆಯ ದಾರಿ. ಪೆಟ್ರಾದ ಪ್ರವೇಶದ್ವಾರಕ್ಕೆ ಹೊಂದಿಕೊಂಡಿರುವ ಇಂದಿನ ಊರಿನ ಹೆಸರು ವಾದಿ ಮೂಸಾ. ಅರಬ್ಬಿಯಲ್ಲಿ ‘ವಾದಿ’ಯೆಂದರೆ ಕಣಿವೆ, ಅದರಲ್ಲಿಯೂ ಮಳೆ ಬಂದಾಗ ಮಾತ್ರ ಹರಿಯುವ ಒಣಹಳ್ಳದ ಪಾತ್ರ. ವಾದ ಮಾಡುವವನೇ ವಾದಿಯೆಂದು ತಿಳಿದ ನಮ್ಮ ಮಕ್ಕಳು ಈ ಹೆಸರನ್ನು ಕೇಳಿ ನಕ್ಕದ್ದುಂಟು. ಬೆಳಗಿನ ಆರು ಗಂಟೆಗೆ ಅಕಾಬಾವನ್ನು ಬಿಟ್ಟವರು ಮಧ್ಯಾಹ್ನದವರೆಗೆ ಪೆಟ್ರಾವನ್ನು ನೋಡಿ, ವಾದಿ ಮೂಸಾದಲ್ಲಿ ಭೋಜನ ಮುಗಿಸಿ, ಅಲ್ಲಿಂದ ನೂರು ಕಿಲೋಮೀಟರಿಗೆ ತುಸು ಮೇಲ್ಪಟ್ಟು ದಕ್ಷಿಣಕ್ಕಿರುವ ವಾದಿ ರಮ್ ಮರುಭೂಮಿಯನ್ನು ಸೂರ್ಯಾಸ್ತಕ್ಕೆ ಮುನ್ನ ಸೇರಬಹುದು. ಕತ್ತಲಾದ ಮೇಲೆ ಅಕಾಬಾಕ್ಕೆ ಮರಳಲು ಒಂದು ಗಂಟೆಯ ಪ್ರಯಾಣ.

ಪೆಟ್ರಾದ ದ್ವಾರದಿಂದ ಕಣಿವೆಯ ತುದಿಯವರೆಗೆ ಸುಮಾರು ನಾಲ್ಕು ಕಿಲೋಮೀಟರ್ ನಡಿಗೆ, ಹೋಗಿಬರುವುದೆಂದರೆ ಎಂಟು. ಅದರಾಚೆಗಿರುವ ‘ಅದ್ ದೇರ್’ ಎಂಬ ಮಹಾಸ್ಮಾರಕವನ್ನು ನೋಡಬೇಕಾದರೆ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಬೇಕು. ಮೊಣಕಾಲಿನ ಬಾಧೆಯಿರುವ ಹಿರಿಯರು ಅದನ್ನು ಕೈಬಿಟ್ಟರೆ ನಷ್ಟವಿಲ್ಲ; ಮಕ್ಕಳು ಬಿಡಬಾರದು. ಶಾಕಾಹಾರಿಗಳು ಮುಂಚಿತವಾಗಿ ತಿಳಿಸಿದರೆ ರೊಟ್ಟಿ, ನುಣ್ಣಗೆ ಅರೆದ ಕಾಬೂಲಿ ಕಡಲೆ, ಬೇಳೆಯ ಸಾರು, ಆಲಿವ್ ಕಾಯಿ, ಹಸಿಯ ತರಕಾರಿಗಳು ಧಾರಾಳವಾಗಿ ದೊರೆಯುತ್ತವೆ.

ನಬಾತೀಯರು

ಪೆಟ್ರಾ ಎಂಬುದು ಗ್ರೀಕ್ ಶಬ್ದ. ಬಂಡೆಯೆಂದು ಅದರ ಅರ್ಥ. ನಬಾತೀಯರು ತಮ್ಮ ನಗರವನ್ನು ‘ರಕ್ಮು’ ಎಂದು ಕರೆಯುತ್ತಿದ್ದರು. ಅವರು ಮೂಲತಃ ಒಂಟೆ ಕುರಿಗಳನ್ನು ಮೇಯಿಸಿಕೊಂಡು ಅಲೆಯುತ್ತಿದ್ದ ಅರಬ್ಬೀ ಜನ. ಅಲೆಕ್ಸಾಂಡರನ ಸೇನಾಪತಿಗಳಲ್ಲೊಬ್ಬನಾದ ಆಂಟಿಗೋನಸ್ ಕ್ರಿ. ಪೂ. ೩೧೨ರಲ್ಲಿ ಅವರ ಮೇಲೆ ದಂಡನ್ನು ಕಳುಹಿಸಿದ ಸಂಗತಿಯೊಡನೆ ಅವರು ಇತಿಹಾಸದ ಬೆಳಕಿಗೆ ಬರುತ್ತಾರೆ. ಅವರು ಬೆಳೆ ಬಿತ್ತುವುದಿಲ್ಲ, ಮನೆ ಕಟ್ಟುವುದಿಲ್ಲ, ಮದ್ಯ ಮುಟ್ಟುವುದಿಲ್ಲ, ಹಾಗೆ ಮಾಡಿದವರಿಗೆ ಮರಣದಂಡನೆ. ನೆಲಕ್ಕೆ ಅಂಟಿಕೊಂಡವನನ್ನು ಬಲಿಷ್ಠರು ಸುಲಭವಾಗಿ ಅಧೀನಪಡಿಸಿಕೊಳ್ಳುತ್ತಾರೆಂಬುದು ಅವರ ನಂಬಿಕೆ ಎಂದು ಗ್ರೀಕ್ ಇತಿಹಾಸಕಾರ ಡಯೋಡೋರಸ್ ತಿಳಿಸುತ್ತಾನೆ. ಶತ್ರುಗಳು ಬೆನ್ನಟ್ಟಿದಾಗ ಅವರು ಮರುಭೂಮಿಯೊಳಕ್ಕೆ ಸರಿದುಬಿಡುತ್ತಿದ್ದರು. ಅಲ್ಲಿ ನೆಲದಡಿಯಲ್ಲಿ ಗುಪ್ತವಾದ ಮಳೆನೀರಿನ ತೊಟ್ಟಿಗಳಿದ್ದವು. ಅವುಗಳ ಬಾಯಿ ಕಿರಿದು, ಒಳಗು ವಿಶಾಲ. ಗುರುತು ನಬಾತೀಯರಿಗೆ ಮಾತ್ರ ವಿದಿತ. ಅವರಿಗೆ ಕೋಟೆಯ ಅವಶ್ಯಕತೆಯಿರಲಿಲ್ಲ. ನೀರಿನ ರಹಸ್ಯವೇ ಕೋಟೆಯಾಗಿತ್ತು.

ಇಂಥವರು ನಗರವಾಸಿಗಳಾದದ್ದು ವಾಣಿಜ್ಯದಿಂದ. ದಕ್ಷಿಣ ಅರೇಬಿಯದಲ್ಲಿ ದೊರೆಯುವ, ನಮ್ಮ ಸಾಂಬ್ರಾಣಿಯಂತೆ ಧೂಪಕ್ಕೆ ಬಳಸುವ ಅಂಟುಗಳಿಗೂ ಬೋಳಕ್ಕೂ ಮೆಡಿಟರೇನಿಯನ್ ತೀರದ ದೇವಾಲಯಗಳಲ್ಲಿ ಬಂಗಾರದಂಥ ಬೆಲೆ. ಆ ಸರಕನ್ನು ಹೊತ್ತ ಒಂಟೆಗಳ ಸಾಲು ಗಾಜಾ ಬಂದರಿಗೆ ಹೋಗುವ ಹಾದಿಯಲ್ಲಿ ಪೆಟ್ರಾ ಮುಖ್ಯ ತಂಗುದಾಣ. ದೂರ ಪ್ರಯಾಣದ ಒಂದೊಂದು ಹಂತಕ್ಕೆ ನಾವು ಹೇಳುವ ‘ಮಜಲು’ ಎಂಬ ಮಾತು ಅರಬ್ಬಿಯ ‘ಮಂಜಿಲ್’ ಎಂಬುದರಿಂದ ಬಂದದ್ದು. ಪೆಟ್ರಾ ಅಂಥ ಮಜಲುಗಳ ರಾಜಧಾನಿ. ಕ್ರಿ. ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬನು ಬರೆದಿಟ್ಟ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕೃತಿ ನಬಾತೀಯರ ಅರಸನಾದ ಮಲಿಕಸನನ್ನು ಹೆಸರಿಸುತ್ತದೆ. ಅದೇ ಕೃತಿ ಭಾರತದ ಪಶ್ಚಿಮ ಕರಾವಳಿಯ ಬಂದರುಗಳನ್ನೂ ಅಲ್ಲಿಯ ಮೆಣಸಿನ ವ್ಯಾಪಾರವನ್ನೂ ವರ್ಣಿಸುತ್ತದೆ. ಪೆಟ್ರಾದ ನಡುವೆ ಉತ್ಖನನದಿಂದ ಹೊರಬಂದ ಮಹಾದೇವಾಲಯದ ಕಂಬಗಳ ಬೋದಿಗೆಗಳಲ್ಲಿ ಆನೆಯ ತಲೆಗಳನ್ನು ಕೆತ್ತಲಾಗಿದೆ. ಆನೆ ಹುಟ್ಟದ ನೆಲದಲ್ಲಿ ಆನೆಯ ಶಿಲ್ಪ ಮೂಡಬೇಕಾದರೆ ಹೊರನಾಡುಗಳ ಸಂಪರ್ಕ ಎಷ್ಟು ವಿಶಾಲವಾಗಿದ್ದಿರಬೇಕು!

ಕ್ರಿ. ಪೂ. ೯ರಿಂದ ಕ್ರಿ. ಶ. ೪೦ರವರೆಗೆ ಆಳಿದ ನಾಲ್ಕನೆಯ ಅರೆತಾಸನ ಕಾಲ ಈ ರಾಜ್ಯದ ಸುವರ್ಣಯುಗ. ಕ್ರಿ. ಶ. ೧೦೬ರಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ಅದನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡನು. ಕ್ರಮೇಣ ವ್ಯಾಪಾರ ಕಡಲಮಾರ್ಗವನ್ನೂ ಬೇರೆ ನಗರಗಳನ್ನೂ ಹಿಡಿಯಿತು. ೩೬೩ರ ಭೂಕಂಪದಲ್ಲಿ ನಗರದ ಬಹುಭಾಗ ಹಾಳಾಯಿತು. ಕೆಲವು ಶತಮಾನಗಳ ಅನಂತರ ಅಲ್ಲಿ ಉಳಿದವರು ಬೆದೂಯಿನ್ ಎಂಬ ಅಲೆಮಾರಿ ಜನರು ಮಾತ್ರ. ೧೮೧೨ರಲ್ಲಿ ಬುರ್ಕ್‌ಹಾರ್ಟ್ ಎಂಬ ಸ್ವಿಸ್ ಯಾತ್ರಿಕನು ಮುಸಲ್ಮಾನ ವೇಷದಿಂದ, ಸಮೀಪದ ಬೆಟ್ಟದ ಮೇಲಿರುವ ಪ್ರವಾದಿ ಹಾರೂನರ ಸಮಾಧಿಗೆ ಹರಕೆ ಸಲ್ಲಿಸುವ ನೆಪದಲ್ಲಿ ಹೋಗಿ ನೋಡಿ ಬರೆದ ಮೇಲೆ ಐರೋಪ್ಯರಿಗೆ ಅದರ ಸುದ್ದಿ ತಿಳಿಯಿತು. ಅವನು ‘ಕಂಡುಹಿಡಿದ’ನೆಂದು ಪುಸ್ತಕಗಳು ಹೇಳುತ್ತವೆ, ಅಲ್ಲಿಯೇ ಬಾಳುತ್ತಿದ್ದವರಿಗೆ ಅದು ಎಂದೂ ಕಳೆದುಹೋಗಿರಲಿಲ್ಲವೆಂಬುದನ್ನು ಅಧ್ಯಾಪಕರು ಮಕ್ಕಳಿಗೆ ಹೇಳಬೇಕು.

ಸಿಕ್ ಮತ್ತು ಖಜಾನೆ

ನಗರದ ಹೆಬ್ಬಾಗಿಲು ಮನುಷ್ಯ ಕಟ್ಟಿದುದಲ್ಲ. ಭೂಮಿಯ ಒಳಗಿನ ಒತ್ತಡಕ್ಕೆ ಪರ್ವತವೇ ಇಬ್ಭಾಗವಾಗಿ ಸೀಳಿದಾಗ ಉಂಟಾದ ಕಿರುದಾರಿ ಅದು. ‘ಸಿಕ್’ ಎಂದು ಅದರ ಹೆಸರು. ಉದ್ದ ೧.೨ ಕಿಲೋಮೀಟರ್. ಕೆಲವೆಡೆ ಎರಡು ಮೂರು ಜನ ಕೈ ಚಾಚಿದರೆ ಎರಡೂ ಗೋಡೆಗಳನ್ನು ಮುಟ್ಟುವಷ್ಟು ಕಿರಿದು. ತಲೆಯೆತ್ತಿದರೆ ನೀಲಿಯ ನೂಲಿನಂತೆ ಆಕಾಶ. ಅಲ್ಲಲ್ಲಿ ಗೋಡೆಯಲ್ಲಿ ಚಿಕ್ಕ ಗೂಡುಗಳನ್ನು ಕೊರೆದು ಅವುಗಳೊಳಗೆ ಮುಖವಿಲ್ಲದ ಚೌಕಾಕಾರದ ಕಲ್ಲುಗಳನ್ನು ಬಿಡಿಸಿದ್ದಾರೆ. ಅವು ದುಶರನೇ ಮೊದಲಾದ ನಬಾತೀಯ ದೇವತೆಗಳ ಸಂಕೇತಗಳು. ಇವನ್ನು ಕಂಡೊಡನೆ ನಮ್ಮ ನಾಡಿನ ಉಪಾಸನಾ ಪದ್ಧತಿಯೊಡನೆ ಹೋಲಿಸುವ ಆಸೆ ಹುಟ್ಟುವುದು ಸಹಜ. ಆದರೆ ಆಕಾರ ಹೋಲಿದ ಮಾತ್ರಕ್ಕೆ ಮೂಲ ಒಂದೇ ಎನ್ನಲಾಗದು. ಹೋಲಿಕೆಯನ್ನು ಸಂಬಂಧವೆಂದು ಸಾರುವುದು ಪಾಂಡಿತ್ಯದ ಲಕ್ಷಣವಲ್ಲ. ಇನ್ನೊಂದೆಡೆ ಆಳೆತ್ತರವನ್ನೂ ಮೀರಿದ ಒಂಟೆಗಳೂ ಅವನ್ನು ನಡೆಸುವವರೂ ಬಂಡೆಯಲ್ಲಿ ಕೆತ್ತಲ್ಪಟ್ಟಿದ್ದಾರೆ. ಮೇಲ್ಭಾಗ ಸವೆದುಹೋಗಿ ಈಗ ಒಂಟೆಯ ಕಾಲುಗಳೂ ಮನುಷ್ಯರ ಪಾದಗಳೂ ಉಡುಪಿನ ಅಂಚುಗಳೂ ಉಳಿದಿವೆ.

ಸಿಕ್ಕಿನ ಕೊನೆಯ ತಿರುವಿನಲ್ಲಿ ಕತ್ತಲೆಯ ಸೀಳಿನ ನಡುವೆ ಗುಲಾಬಿ ವರ್ಣದ ಕಂಬವೊಂದು ಕಾಣಿಸುತ್ತದೆ. ಹತ್ತು ಹೆಜ್ಜೆ ಮುಂದಿಟ್ಟರೆ ಸುಮಾರು ನಲವತ್ತು ಮೀಟರ್ ಎತ್ತರದ ‘ಅಲ್ ಖಜ್ನೆ’ ಎದುರಿಗೆ ನಿಲ್ಲುತ್ತದೆ. ಇದಕ್ಕೆ ಅನುವಾದ ಬೇಕಿಲ್ಲ. ನಮ್ಮ ತಾಲ್ಲೂಕು ಕಚೇರಿಯ ‘ಖಜಾನೆ’ಯೇ ಇದು. ಮೇಲಿನ ಕಲ್ಲಿನ ಕಲಶದಲ್ಲಿ ಯಾವನೋ ಅರಸನ ನಿಧಿಯಿದೆಯೆಂದು ನಂಬಿ ಬೆದೂಯಿನರು ಬಂದೂಕಿನಿಂದ ಹೊಡೆದ ಗುರುತುಗಳು ಇಂದಿಗೂ ಇವೆ. ಕಲಶ ಘನವಾದ ಕಲ್ಲು. ಒಳಗೆ ಏನೂ ಇಲ್ಲ. ಇದು ಖಜಾನೆಯಲ್ಲ, ಸಮಾಧಿ. ಅದರ ಮುಂದಿನ ನೆಲದಡಿಯಲ್ಲಿ ೨೦೦೩ರಲ್ಲಿ ಗೋರಿಗಳು ದೊರೆತವು. ೨೦೨೪ರಲ್ಲಿ ಇನ್ನೊಂದು ಗೋರಿಯಲ್ಲಿ ಹನ್ನೆರಡು ಅಸ್ಥಿಪಂಜರಗಳು ಸಿಕ್ಕವು.

ಹಾಗೆಯೇ ‘ಅದ್ ದೇರ್’ ಎಂದರೆ ಮಠ. ಅದೂ ಮೊದಲು ಮಠವಾಗಿರಲಿಲ್ಲ. ಒಳಗೋಡೆಯ ಮೇಲೆ ಕ್ರೈಸ್ತರು ಮುಂದೆ ಗೀಚಿದ ಶಿಲುಬೆಗಳಿಂದ ಆ ಹೆಸರು ಬಂದಿತು. ಹೆಸರುಗಳು ವಸ್ತುವಿನ ನಿಜವನ್ನು ಹೇಳುವುದಕ್ಕಿಂತ ಹೆಸರಿಟ್ಟವರ ಮನಸ್ಸನ್ನು ಹೇಳುವುದೇ ಹೆಚ್ಚು.

ಬಂಡೆಯನ್ನು ಕಡೆದ ಬಗೆ

ಇಷ್ಟು ಎತ್ತರದ ಮುಖಮಂಟಪಗಳನ್ನು ಕಡೆದ ಬಗೆ ಹೇಗೆ? ಉತ್ತರ ಪೆಟ್ರಾದಲ್ಲಿಯೇ ಇದೆ. ಅಲ್ಲೊಂದು ಅಪೂರ್ಣ ಸಮಾಧಿ ಉಳಿದಿದೆ. ಅದರ ಮೇಲ್ಭಾಗದ ಬೋದಿಗೆಗಳ ರೂಪ ಮೂಡಿದೆ. ಕೆಳಗೆ ಇನ್ನೂ ಹಸಿಬಂಡೆ. ಅಂದರೆ ಕೆಲಸ ಮೇಲಿನಿಂದ ಕೆಳಕ್ಕೆ ಸಾಗುತ್ತಿತ್ತು. ಶಿಲ್ಪಿ ತಾನು ನಿಂತ ಬಂಡೆಯನ್ನೇ ಕಡಿಯುತ್ತ ಇಳಿದು ಬರುತ್ತಿದ್ದನು. ಕಟ್ಟಿದ ಗೋಡೆಯಲ್ಲಿ ಕಲ್ಲು ತಪ್ಪಿದರೆ ಬದಲಿಸಬಹುದು. ಕಡೆದ ಬಂಡೆಯಲ್ಲಿ ಒಂದು ಏಟು ತಪ್ಪಿದರೆ ತಿದ್ದಲಾಗದು. ಎಲ್ಲೋರದ ಕೈಲಾಸ ದೇವಾಲಯವನ್ನೂ ರಾಷ್ಟ್ರಕೂಟರ ಶಿಲ್ಪಿಗಳು ಮೇಲಿನಿಂದಲೇ ಕಡೆದು ಇಳಿದರೆಂಬುದನ್ನು ವಾಚಕರು ಬಲ್ಲರು. ಆದರೆ ಎರಡಕ್ಕೂ ಒಂದು ಮುಖ್ಯ ಭೇದವುಂಟು. ನಮ್ಮ ಬಾದಾಮಿಯ ಗುಹೆಗಳಲ್ಲಿ, ಎಲ್ಲೋರದಲ್ಲಿ, ಒಳಹೊಕ್ಕಷ್ಟೂ ಕಂಬಗಳ, ಮೂರ್ತಿಗಳ ವೈಭವ ಹೆಚ್ಚುತ್ತದೆ. ಪೆಟ್ರಾದಲ್ಲಿ ವೈಭವವೆಲ್ಲ ಹೊರಮುಖದಲ್ಲಿ. ಒಳಗೆ ಅಲಂಕಾರವಿಲ್ಲದ ಚೌಕ ಕೋಣೆ. ಒಂದು ದೇವರ ಮನೆ, ಇನ್ನೊಂದು ಮೃತರ ಮನೆ; ಆದುದರಿಂದ ಈ ಅಂತರ.

ಬಂಡೆಯ ಬಣ್ಣದ ಬಗೆಗೂ ಒಂದು ಮಾತು. ಅದು ಐವತ್ತು ಕೋಟಿ ವರ್ಷಗಳಷ್ಟು ಹಿಂದಿನ ಮರಳುಗಲ್ಲು. ಕಬ್ಬಿಣದ ಅಂಶ ಕೆಂಪು, ಹಳದಿ, ಗುಲಾಬಿ ಬಣ್ಣಗಳನ್ನೂ ಮ್ಯಾಂಗನೀಸ್ ಕಡುಬಣ್ಣವನ್ನೂ ಕೊಟ್ಟಿವೆ. ಕೆಲವು ಕೋಣೆಗಳ ಮಾಳಿಗೆ ಇಳಕಲ್ಲಿನ ಸೀರೆಯನ್ನು ಹರವಿದಂತೆ ಪಟ್ಟಿಪಟ್ಟಿಯಾಗಿ ಕಾಣುತ್ತದೆ. ಮರಳುಗಲ್ಲು ಉಳಿಗೆ ಸುಲಭವಾಗಿ ಒಲಿಯುತ್ತದೆ. ಅಷ್ಟೇ ಸುಲಭವಾಗಿ ಗಾಳಿಗೂ ಉಪ್ಪಿಗೂ ಕೈಗಳ ಸ್ಪರ್ಶಕ್ಕೂ ಸೋಲುತ್ತದೆ.

ನೀರಿನ ವಿದ್ಯೆ

ಯಾತ್ರಿಕರಲ್ಲಿ ಬಹುಮಂದಿ ಸಿಕ್ಕಿನಲ್ಲಿ ತಲೆಯೆತ್ತಿಯೇ ನಡೆಯುತ್ತಾರೆ. ಪೆಟ್ರಾದ ನಿಜವಾದ ಅದ್ಭುತವಿರುವುದು ಸೊಂಟದ ಎತ್ತರದಲ್ಲಿ. ಎರಡೂ ಗೋಡೆಗಳುದ್ದಕ್ಕೂ ಬಂಡೆಯಲ್ಲಿ ಕೊರೆದ ಕಾಲುವೆಗಳಿವೆ. ಒಂದು ಬದಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರೊಳಗೊಂದು ಜೋಡಿಸಿ ಗಾರೆಯಿಂದ ಬಿಗಿದಿದ್ದರು. ಊರ ಹೊರಗಿನ ‘ಐನ್ ಮೂಸಾ’ ಬುಗ್ಗೆಯ ನೀರು ಕಾಲುವೆಗಳಲ್ಲಿ ಹರಿದು ನಗರದ ನಡುವಿಗೆ ಬರುತ್ತಿತ್ತು. ಕೊಳವೆಯ ಇಳಿಜಾರನ್ನು ಅತಿ ವೇಗವೂ ಆಗದಂತೆ, ನಿಂತೂ ಹೋಗದಂತೆ ಅಳೆದು ಇರಿಸಿದ್ದರು. ನಡುನಡುವೆ ಹೂಳು ತಳಕ್ಕಿಳಿಯಲು ಚಿಕ್ಕ ತೊಟ್ಟಿಗಳು. ಇಷ್ಟಲ್ಲದೆ ಬೆಟ್ಟಗಳ ಮೇಲೆ ಬಿದ್ದ ಮಳೆಯ ಪ್ರತಿ ಹನಿಯೂ ಗೀರುಗಾಲುವೆಗಳ ಮೂಲಕ ಬಂಡೆಯಲ್ಲಿ ಕೊರೆದ ತೊಟ್ಟಿಗಳನ್ನು ಸೇರುತ್ತಿತ್ತು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ೨೦೦ ಮಿಲಿಮೀಟರಿಗಿಂತಲೂ ಕಡಮೆ. ಬರದ ಸೀಮೆಯೆನಿಸಿದ ನಮ್ಮ ಬಾಗಲಕೋಟೆಯ ಮಳೆಯ ಅರ್ಧಕ್ಕಿಂತಲೂ ಕಡಮೆ. ಆ ಮಳೆಯಲ್ಲಿ ಅವರು ನಗರದ ಮಧ್ಯದಲ್ಲಿ ಉದ್ಯಾನವನ್ನೂ ವಿಶಾಲವಾದ ಕೊಳವನ್ನೂ ಇರಿಸಿಕೊಂಡಿದ್ದರು.

ಮರುಭೂಮಿಯಲ್ಲಿ ನೀರಿನ ಅಭಾವದಷ್ಟೇ ಅದರ ಅತಿರೇಕವೂ ಭಯಂಕರ. ಬೋಳುಬೆಟ್ಟದ ಮೇಲೆ ಒಂದು ಗಂಟೆ ಮಳೆ ಸುರಿದರೆ ಒಣಹಳ್ಳ ಕ್ಷಣಾರ್ಧದಲ್ಲಿ ಮಹಾನದಿಯಾಗುತ್ತದೆ. ಆದಕಾರಣ ನಬಾತೀಯರು ಸಿಕ್ಕಿನ ಬಾಯಿಯಲ್ಲಿ ಕಟ್ಟೆಯನ್ನು ಕಟ್ಟಿ, ಎಂಬತ್ತು ಮೀಟರಿಗೂ ಹೆಚ್ಚು ಉದ್ದದ ಸುರಂಗವನ್ನು ಬಂಡೆಯಲ್ಲಿ ಕೊರೆದು, ಪ್ರವಾಹವನ್ನು ಬೇರೊಂದು ಕಣಿವೆಗೆ ತಿರುಗಿಸಿದ್ದರು. ನಗರ ಪಾಳುಬಿದ್ದ ಮೇಲೆ ಕಟ್ಟೆಯೂ ಹಾಳಾಯಿತು. ೧೯೬೩ರ ಏಪ್ರಿಲಿನಲ್ಲಿ ಸಿಕ್ಕಿನೊಳಗಿದ್ದ ಫ್ರೆಂಚ್ ಯಾತ್ರಿಕರ ಮೇಲೆ ಹಠಾತ್ತಾಗಿ ಪ್ರವಾಹ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಆಮೇಲೆ ಆಧುನಿಕ ಇಂಜಿನಿಯರುಗಳು ಹೊಸ ಕಟ್ಟೆಯನ್ನು ಕಟ್ಟಿದ್ದು ಹಳೆಯ ನಬಾತೀಯ ಕಟ್ಟೆಯಿದ್ದ ಸ್ಥಳದಲ್ಲಿಯೇ. ೨೦೨೨ರ ಡಿಸೆಂಬರಿನಲ್ಲಿಯೂ ಪ್ರವಾಹ ಬಂದು ಯಾತ್ರಿಕರನ್ನು ತ್ವರೆಯಿಂದ ಹೊರಸಾಗಿಸಬೇಕಾಯಿತು. ಎರಡು ಸಾವಿರ ವರ್ಷಗಳ ಹಿಂದಿನವರು ಅರಿತಿದ್ದ ವಿಷಯವನ್ನು ನಡುವಿನವರು ಮರೆತರು. ಆ ಮರವೆಗೆ ತೆತ್ತ ಬೆಲೆ ಮನುಷ್ಯರ ಪ್ರಾಣ.

ಈ ಯಾತ್ರೆಯ ಸಾರವೆಲ್ಲ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಸಮಾಧಿಗಳು ಶ್ರೀಮಂತರ ಕೀರ್ತಿಗಾಗಿ. ಕಾಲುವೆಗಳು ಎಲ್ಲರ ಬದುಕಿಗಾಗಿ. ನಾವು ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ಕಾಲುವೆಯ ಕಡೆಗೆ ಕಣ್ಣು ಹಾಯಿಸುವುದಿಲ್ಲ.

ವಾದಿ ರಮ್ ಮತ್ತು ಅಕ್ಷರಗಳು

ಅಪರಾಹ್ನದ ದರ್ಶನ ಬೇರೊಂದು ಬಗೆಯದು. ವಾದಿ ರಮ್ ಎಪ್ಪತ್ತನಾಲ್ಕು ಸಾವಿರ ಹೆಕ್ಟೇರುಗಳಷ್ಟು ವಿಶಾಲವಾದ ಸಂರಕ್ಷಿತ ಮರುಭೂಮಿ. ಕೆಂಪು ಮರಳಿನ ಬಯಲಿನಿಂದ ಮರಳುಗಲ್ಲಿನ ಬೆಟ್ಟಗಳು ಕಡಲಿನಿಂದ ಹಡಗುಗಳೆದ್ದಂತೆ ನೇರವಾಗಿ ಎದ್ದು ನಿಂತಿವೆ. ಅವುಗಳಲ್ಲಿ ಕೆಲವು ೧,೭೦೦ ಮೀಟರಿಗೂ ಎತ್ತರ. ಮೇಲೆ ಮರಳುಗಲ್ಲು, ಅಡಿಯಲ್ಲಿ ಕಣಶಿಲೆ. ಮಳೆನೀರು ಮರಳುಗಲ್ಲಿನಲ್ಲಿ ಇಂಗಿ, ಕಣಶಿಲೆಯನ್ನು ದಾಟಲಾರದೆ, ಎರಡೂ ಕೂಡುವೆಡೆಯಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಈ ಬುಗ್ಗೆಗಳಿಂದಲೇ ಇಲ್ಲಿ ಮನುಷ್ಯನು ಬದುಕಿದನು. ಬೆದೂಯಿನ್ ಚಾಲಕರು ಜೀಪುಗಳಲ್ಲಿ ಯಾತ್ರಿಕರನ್ನು ಕರೆದೊಯ್ದು ತೋರಿಸುತ್ತಾರೆ.

ಒಂದನೆಯ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಅರಬರು ದಂಗೆಯೆದ್ದಾಗ ೧೯೧೭ರಲ್ಲಿ ಲಾರೆನ್ಸ್ ಎಂಬ ಆಂಗ್ಲ ಅಧಿಕಾರಿ ಅವರೊಡನೆ ಇಲ್ಲಿ ಬೀಡುಬಿಟ್ಟಿದ್ದನು. ಅವನಿಂದ ಈ ಕಣಿವೆಗೆ ಪ್ರಸಿದ್ಧಿ ಬಂದಿತು. ಅದೇ ಯುದ್ಧದಲ್ಲಿ, ಇಲ್ಲಿಂದ ಉತ್ತರಕ್ಕಿರುವ ಹೈಫಾ ನಗರವನ್ನು ೧೯೧೮ರ ಸೆಪ್ಟೆಂಬರ್ ೨೩ರಂದು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರೆಂಬುದು ಸ್ಮರಣೀಯ.

ಭಾಷಾಧ್ಯಾಪಕನಾದ ನನ್ನನ್ನು ಹಿಡಿದು ನಿಲ್ಲಿಸಿದವು ಬಂಡೆಗಳ ಮೇಲಿನ ಬರಹಗಳು. ಈ ಪ್ರದೇಶದಲ್ಲಿ ಇಪ್ಪತ್ತೈದು ಸಾವಿರ ಚಿತ್ರಗಳೂ ಇಪ್ಪತ್ತು ಸಾವಿರ ಬರಹಗಳೂ ಇವೆಯೆಂದು ಯುನೆಸ್ಕೊ ಸಂಸ್ಥೆ ದಾಖಲಿಸಿದೆ. ೨೦೧೧ರಲ್ಲಿ ವಿಶ್ವಪರಂಪರೆಯ ತಾಣವೆಂದು ಇದನ್ನು ಅಂಗೀಕರಿಸಿದುದಕ್ಕೆ ಅದೂ ಒಂದು ಕಾರಣ. ಖಜಾಲಿ ಎಂಬ ಸೀಳುಕಣಿವೆಯಲ್ಲಿ ಒಂಟೆಗಳು, ಮನುಷ್ಯರು, ಪಾದಗಳ ಜೋಡಿಗಳು; ಬದಿಯಲ್ಲಿ ಅಕ್ಷರಗಳು. ಇವು ರಾಜಶಾಸನಗಳಲ್ಲ. ಇಂಥ ಬರಹಗಳಲ್ಲಿ ಬಹುಪಾಲು ಇಂಥವನ ಮಗ ಇಂಥವನೆಂಬ ಹೆಸರು, ಒಂದು ಪ್ರಾರ್ಥನೆ. ಕುರಿ ಕಾಯುವವನೂ ಒಂಟೆ ನಡೆಸುವವನೂ ಅಕ್ಷರಸ್ಥನಾಗಿದ್ದ ಕಾಲವೊಂದು ಮರುಭೂಮಿಯಲ್ಲಿತ್ತು!

ನಬಾತೀಯರ ಲಿಪಿ ಅರಮಾಯಿಕ್ ಲಿಪಿಯಿಂದ ಹುಟ್ಟಿದುದು. ಅದರಿಂದ ಮುಂದೆ ಅರಬ್ಬೀ ಲಿಪಿ ಬೆಳೆಯಿತು. ಸಿರಿಯಾದಲ್ಲಿ ದೊರೆತ ಕ್ರಿ. ಶ. ೩೨೮ರ ನಮಾರಾ ಶಾಸನದಲ್ಲಿ ಭಾಷೆ ಅರಬ್ಬಿ, ಲಿಪಿ ನಬಾತೀಯ. ಅದೇ ಅರಮಾಯಿಕ್ ಲಿಪಿಯ ಇನ್ನೊಂದು ಸಂತಾನ ಭಾರತದ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ. ಅದನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದ ಚಪಡನೆಂಬ ಲಿಪಿಕಾರನು, ‘ಲಿಪಿಕಾರ’ನೆಂಬ ತನ್ನ ವೃತ್ತಿಯ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಹಾಗಾದರೆ ವಾದಿ ರಮ್‌ನ ಬಂಡೆಯ ಮೇಲಿರುವ ನಬಾತೀಯ ಅಕ್ಷರಕ್ಕೂ ಮೊಳಕಾಲ್ಮುರಿನ ಬಂಡೆಯ ಮೇಲಿರುವ ಆ ಒಂದು ಮಾತಿಗೂ ದಾಯಾದ ಸಂಬಂಧವಿದೆ. ಮೇಲೆ ಆಕಾರಸಾಮ್ಯದ ಬಗೆಗೆ ಎಚ್ಚರಿಕೆ ಹೇಳಿದ ನಾನು ಇಲ್ಲಿ ಸಂಬಂಧವನ್ನು ಧೈರ್ಯವಾಗಿ ಹೇಳುತ್ತೇನೆ. ಏಕೆಂದರೆ ಇದಕ್ಕೆ ಅಕ್ಷರಗಳ ಸಾಕ್ಷ್ಯವಿದೆ.

ಯಾತ್ರಿಕರ ಹೊಣೆ

ಪೆಟ್ರಾ ೧೯೮೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದೇ ವರ್ಷ ಗುಹೆಗಳಲ್ಲಿ ವಾಸಿಸುತ್ತಿದ್ದ ಬ್ದೂಲ್ ಎಂಬ ಬೆದೂಯಿನ್ ಕುಲದವರನ್ನು ಸಮೀಪದ ಉಮ್ ಸೈಹೂನ್ ಗ್ರಾಮಕ್ಕೆ ಸ್ಥಳಾಂತರಿಸಲಾಯಿತು. ೨೦೧೯ರ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಯಾತ್ರಿಕರು ಬಂದರು. ಗ್ರಾಮದ ಜೀವನೋಪಾಯ ಈ ಯಾತ್ರಿಕರಿಂದಲೇ. ಸ್ಮಾರಕದ ಸವೆತವೂ ಈ ಯಾತ್ರಿಕರಿಂದಲೇ. ಈ ಇಕ್ಕಟ್ಟಿನಲ್ಲಿ ಯಾತ್ರಿಕನಿಗೂ ಕೆಲವು ಹೊಣೆಗಳುಂಟು. ಗೋಡೆಗಳನ್ನು ಮುಟ್ಟಬಾರದು, ಹೆಸರು ಕೆತ್ತಬಾರದು. ಮರಳಿನ ಬಾಟಲಿಗಾಗಿ ಬಂಡೆಯನ್ನು ಕೆರೆಯಬಾರದು. ಸಾಧ್ಯವಿದ್ದಲ್ಲಿ ಒಂದು ರಾತ್ರಿ ಅಲ್ಲಿಯೇ ತಂಗಬೇಕು. ಒಂದೇ ದಿನದಲ್ಲಿ ಬಂದು ಹೋಗುವ ವಿದೇಶೀಯರಿಗೆ ತಂಗುವವರಿಗಿಂತ ಪ್ರವೇಶಶುಲ್ಕ ಹೆಚ್ಚಿಗೆ ವಿಧಿಸಿರುವುದರ ಆಶಯವೂ ಅದೇ. ಮೆಟ್ಟಿಲುಗಳ ಮೇಲೆ ಕತ್ತೆಗಳ ಬೆನ್ನೇರಿ ಅವನ್ನು ಬಳಲಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಶಾಲೆಯ ವೇಳೆಯಲ್ಲಿ ಬಣ್ಣದ ಕಲ್ಲುಗಳನ್ನೂ ಚಿತ್ರಪಟಗಳನ್ನೂ ಮಾರುವ ಮಕ್ಕಳಿಂದ ಏನನ್ನೂ ಕೊಳ್ಳಬಾರದೆಂದು ಅಲ್ಲಿ ಫಲಕಗಳಿವೆ. ಕನಿಕರದಿಂದ ನಾವು ಕೊಡುವ ಒಂದು ನಾಣ್ಯ ಆ ಮಗುವನ್ನು ನಾಳೆಯೂ ಪಾಠಶಾಲೆಯಿಂದ ದೂರವಿರಿಸುತ್ತದೆ. ಅಕ್ಷರದಾನವೇ ವ್ರತವಾಗಿರುವ ಸಂಸ್ಥೆಯಲ್ಲಿ ಓದಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಪೆಟ್ರಾವನ್ನು ನೋಡಲು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಸಾಧ್ಯವಾದೀತು? ಆದರೆ ಬಾದಾಮಿಯ ಅಗಸ್ತ್ಯತೀರ್ಥವನ್ನೂ ಬ್ರಹ್ಮಗಿರಿಯ ಬಂಡೆಯನ್ನೂ ತಮ್ಮ ಊರಿನ ಕಲ್ಯಾಣಿಯನ್ನೂ ನೋಡಲು ಎಲ್ಲರಿಗೂ ಸಾಧ್ಯ. ಕೆರೆಗೆ ನೀರು ಯಾವ ಗುಡ್ಡದಿಂದ, ಯಾವ ಕಾಲುವೆಯಿಂದ ಬರುತ್ತಿತ್ತು, ಅದು ಎಲ್ಲಿ ಮುಚ್ಚಿತು, ಯಾರು ಮುಚ್ಚಿದರು ಎಂಬುದನ್ನು ಅಧ್ಯಾಪಕರು ಮಕ್ಕಳೊಡನೆ ನಡೆದು ನೋಡಿ ಬರೆಯಿಸಲಿ. ಉದಾರಿಗಳಾದ ದಾನಿಗಳು ಶಾಲೆಗೆ ಕಟ್ಟಡಗಳನ್ನು ಕೊಟ್ಟಿದ್ದಾರೆ. ಇಂಥ ಒಂದು ದಿನದ ಯಾತ್ರೆಗೆ ಪ್ರತಿ ವರ್ಷವೂ ಅಲ್ಪ ನಿಧಿಯನ್ನು ಮೀಸಲಿಡುವುದಾದರೆ ಅದು ಯಾವ ಕಟ್ಟಡಕ್ಕೂ ಕಡಮೆಯ ದಾನವಾಗದು. ದೂರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಾವು ಕಂಡುದನ್ನು ಹೀಗೆಯೇ ಬರೆದು ಕಳುಹಿಸಲಿ. ಕಟ್ಟೆಯಿರುವವರೆಗೆ ಊರು, ಊರಿರುವವರೆಗೆ ಶಾಲೆ. ನಬಾತೀಯರ ಬರಿದಾದ ಕಾಲುವೆಗಳು ಹೇಳುವ ಮಾತು ಇಷ್ಟೆ.